ಗುರುಮಲ್ಲು ಆರಿಸಿದ ಕೆಂಪು ಕವರ್

ಹೋದ ತಿಂಗಳು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಉಡಿಗಾಲ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮುಂದೆ ಈರುಳ್ಳಿ ತುಂಬಿದ ಲಾರಿಯೊಂದು ರಸ್ತೆ ಮಧ್ಯೆಯೇ ಕೆಟ್ಟು ನಿಂತಿತ್ತು. ಅದರ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಒಡೆದು ಆಯಿಲ್ ಚೆಲ್ಲಿತ್ತು. ಕಿಟಕಿಯಿಂದ ವಾಸನೆ ನುಗ್ಗಿತು. ಕಾದ ಗೇರ್ ಆಯಿಲ್ಲಿನದು ಕೊಳೆತ ಮೊಟ್ಟೆಯ ವಾಸನೆ. ಅದರ ಜೊತೆ ಪಕ್ಕದ ಹೊಲದ ಚೆಂಡುಹೂವಿನ ಘಾಟು. ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ನಮ್ಮದು ಬಿಡಿಭಾಗದ ಅಂಗಡಿ, ಡಬ್ಬದೊಳಗಿನ ಆಯಿಲ್ ವಾಸನೆ ದಿನವೂ ಇದ್ದದ್ದೇ. ಕಾದು ರಸ್ತೆಗೆ ಚೆಲ್ಲಿದ ಆಯಿಲ್ಲಿನ ವಾಸನೆಯೇ ಬೇರೆ. ಅದು ಬಂದರೆ ನನಗೆ ಈಗಲೂ ಮೊದಲು ಆಗುವುದು ಖುಷಿ. ಉಳಿದದ್ದೆಲ್ಲ ಆಮೇಲೆ.

ಆ ಮಳೆಗಾಲಕ್ಕೆ ಏಳು ವರ್ಷವಾಯಿತು. ನನ್ನ ತವರು ಉಡಿಗಾಲ, ಅಪ್ಪನದು ಅರಿಸಿನದ ಹೊಲ. ಟ್ರ್ಯಾಕ್ಟರ್ ಹತ್ತಿ ಕೂರುವುದು ಗೊತ್ತಿತ್ತೇ ಹೊರತು ಅದರ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಊಟಿ ರಸ್ತೆಯ ಬದಿಯಲ್ಲಿ ನಮ್ಮ ಮಾವನವರ ಅಂಗಡಿ, ಜೀಪು ಲಾರಿಗಳ ಸಾಮಾನಿನದು. ನನ್ನ ಗಂಡ ಚಾಮರಾಜನಗರದಲ್ಲಿ ಗುಮಾಸ್ತ, ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಆ ವರ್ಷ ಮಾವನವರಿಗೆ ಕಣ್ಣು ಮಂಜಾಗಿ ಡಬ್ಬದ ಮೇಲಿನ ನಂಬರ್ ಓದುವುದು ಕಷ್ಟವಾಯಿತು. ಅವರು ಒಳಗಿನ ಕುರ್ಚಿಯಲ್ಲಿ ಕರಿ ಕನ್ನಡಕ ಹಾಕಿ ಕೂತರು, ನಾನು ಮುಂದಿನ ಮೇಜಿಗೆ ಬಂದೆ. ಬರಬೇಕೆಂದು ಹೇಳಿದ್ದು ಅವರಲ್ಲ, ನಾನೇ ಕೇಳಿಕೊಂಡು ಬಂದದ್ದು. ಅಡುಗೆಮನೆಯಲ್ಲಿ ಮೂರು ವರ್ಷ ಸಾಕಾಗಿತ್ತು.

ಎರಡನೆಯ ವಾರ ಗುರುಮಲ್ಲು ಬಂದ. ಅವನದೊಂದು ಹಳೆಯ ಫೋರ್ ವೀಲ್ ಜೀಪು. ಗುಡ್ಡದ ಬದಿಯ ಜಮೀನುಗಳನ್ನು ಗುತ್ತಿಗೆ ಹಿಡಿದು ಮಲೆಯಾಳಿಗಳು ಶುಂಠಿ ಹಾಕಿದ್ದರು. ಅಲ್ಲಿಗೆ ಕಳೆ ಕೀಳುವ ಹೆಂಗಸರನ್ನು ದಿನವೂ ಹೊತ್ತೊಯ್ಯುವುದು ಅವನ ಕೆಲಸ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಬೀದಿಗೆ ಕೇಳುವ ಗಂಟಲು.

"ಡಿಪ್ರೆನ್ಸಿಗೆ ಒಂದು ಕವರ್ ಕೊಡಮ್ಮಿ. ಗಟ್ಟಿದು ಕೊಡು" ಎಂದ.

ನಮ್ಮ ಕಡೆ ಕವರ್ ಅಂದರೆ ಪ್ಲಾಸ್ಟಿಕ್ ಚೀಲ. ಸೊಪ್ಪು ತರುವುದು ಕವರಿನಲ್ಲಿ, ಹಾಲು ಬರುವುದು ಕವರಿನಲ್ಲಿ. ಅವನು ಡಿಫರೆನ್ಷಿಯಲ್ಲಿಗೆ ಡಿಪ್ರೆನ್ಸಿ ಅನ್ನುತ್ತಿದ್ದಾನೆ ಎಂದು ನನಗೇನು ಗೊತ್ತು? ಏನೋ ತೂಕದ ಸಾಮಾನಿರಬೇಕು, ಅದನ್ನು ಒಯ್ಯಲು ಚೀಲ ಕೇಳುತ್ತಿದ್ದಾನೆ ಎಂದುಕೊಂಡೆ. ಮೇಜಿನ ಕೆಳಗಿದ್ದ ಕವರುಗಳಲ್ಲಿ ದಪ್ಪನೆಯದನ್ನು ಹುಡುಕಿ ತೆಗೆದು, ಬಾಯಿ ಬಿಡಿಸಿ, ಉಫ್ ಎಂದು ಊದಿ ಅಗಲ ಮಾಡಿ, "ಎಷ್ಟು ಕೇಜಿ ತಡೀಬೇಕಣ್ಣ?" ಎಂದೆ.

ಗುರುಮಲ್ಲು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆನೇನೋ. ಅವನು ಬೀದಿಗೆ ಹೋಗಿ ಟೀ ಅಂಗಡಿಯಲ್ಲಿದ್ದವರನ್ನೆಲ್ಲ ಕೂಗಿದ. "ಬನ್ರಲಾ, ಬನ್ನಿ! ಡಿಪ್ರೆನ್ಸಿಗೆ ಪ್ಲಾಸ್ಟಿಕ್ ಕವರ್ ಆಕ್ತಾಳಂತೆ ಈಯಮ್ಮಿ! ಎಷ್ಟು ಕೇಜಿ ತಡೀಬೇಕು ಅಂತ ಬೇರೆ ಕೇಳ್ತಾವ್ಳೆ ಕಣ್ಲಾ!" ಬಂದವರೆಲ್ಲ ನಕ್ಕರು. "ಈ ಅಂಗಡೀಲಿ ಗಂಡಸ್ರು ಯಾರೂ ಇಲ್ವಾ?" ಎಂದು ಒಳಗೆ ಇಣುಕಿದ. ಒಳಗೆ ಮಾವನವರು ಕೂತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು.

ಆ ಕವರನ್ನು ಅವನು ಜೀಪಿನ ಕನ್ನಡಿಗೆ ಕಟ್ಟಿಕೊಂಡು ಒಂದು ತಿಂಗಳು ಊರೆಲ್ಲ ತಿರುಗಿದ. ಯಾರು ಕೇಳಿದರೂ ಜೀಪು ನಿಲ್ಲಿಸಿ ಕತೆ ಹೇಳುತ್ತಿದ್ದ. ನನಗೆ 'ಕವರ್ ಕಮಲ' ಎಂದು ಹೆಸರು ಬಿತ್ತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಸಂತೆಯಲ್ಲಿ ಟೊಮೆಟೊ ಕೊಂಡರೆ ಮಾರುವವಳು "ಕವರ್ ಕೊಡ್ಲಾ ಕಮಲಮ್ಮ?" ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಹಿಂದಿನ ಬೀದಿಯ ಸಿದ್ದಮ್ಮ ಒಬ್ಬಳೇ ನನ್ನನ್ನು ಕಮಲವ್ವ ಎಂದು ಕರೆಯುತ್ತಿದ್ದವಳು. ಅವಳು ಶುಂಠಿ ಹೊಲದ ಕೂಲಿಗೆ ಗುರುಮಲ್ಲುವಿನ ಜೀಪಿನಲ್ಲೇ ಹೋಗುತ್ತಿದ್ದಳು. ಜೀಪು ಬರುವವರೆಗೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತ, "ಅವ್ನ ಬಾಯಿಗೆ ಮಣ್ಣಾಕ, ನೀ ತಲೆ ಕೆಡಿಸ್ಕೋಬ್ಯಾಡ ಕಣವ್ವ" ಎನ್ನುತ್ತಿದ್ದಳು.

ತಲೆ ಕೆಡಿಸಿಕೊಳ್ಳದೆ ಇರುವುದು ಹೇಗೆ? ಗಿರಾಕಿಗಳು ಅಂಗಡಿಯ ಮುಂದೆ ನಿಧಾನ ಮಾಡಿ, ಮೇಜಿನಲ್ಲಿ ನನ್ನನ್ನು ಕಂಡು, ಎದುರಿನ ಅಂಗಡಿಗೆ ಹೋಗತೊಡಗಿದರು. ಬಂದವರೂ ನಾನು ಹೇಳಿದ್ದನ್ನು ಒಳಗಿನ ಮಾವನವರಿಂದ ಮತ್ತೊಮ್ಮೆ ಕೇಳಿ ತಿಳಿದುಕೊಂಡೇ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಮಾವನವರು ಹೇಳಿದರು, "ನಿನ್ ಮ್ಯಾಲೆ ನಂಗೇನೂ ಬೇಜಾರಿಲ್ಲ ಕಣವ್ವ. ಆದ್ರೆ ಅಂಗಡಿ ಅಂದ್ರೆ ಮಾತು. ಕೂತೋರ ಮಾತು ಗಿರಾಕಿ ನಂಬಬೇಕು. ದೀಪಾವಳಿಗಂಟ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೇರ್ಗೆ ವಹಿಸ್ಬುಡ್ತೀನಿ." ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ.

ನಾನು ಅಳಲಿಲ್ಲ. ಜನ ಮಕ್ಕಳಾಗಲಿ ಎಂದು ಮಾದಪ್ಪನಿಗೆ ಹರಕೆ ಹೊರುತ್ತಾರೆ, ಕಾಯಿಲೆ ವಾಸಿಯಾಗಲಿ ಎಂದು ಹೊರುತ್ತಾರೆ. ನಾನು ಒಬ್ಬ ಗಂಡಸಿನ ಮಾನ ಹೋಗಲಿ ಎಂದು ಹೊತ್ತೆ. ಅವನು ಇದೇ ಮೇಜಿನ ಮುಂದೆ, ಇದೇ ಕವರಿನ ಮಾತಿನಲ್ಲೇ, ಅದೇ ಟೀ ಅಂಗಡಿಯ ಜನ ನೋಡುತ್ತಿರುವಾಗ ತಲೆ ತಗ್ಗಿಸಬೇಕು ಎಂದು ಕೇಳಿಕೊಂಡೆ. ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆ ಎಂದೂ ಸೇರಿಸಿದೆ.

ಆಮೇಲೆ ಕಲಿಯಲು ಕೂತೆ. ನಮ್ಮ ಅಂಗಡಿಯ ಹಿಂದೆಯೇ ವರ್ಗೀಸನ ಗ್ಯಾರೇಜು. ಸುಲ್ತಾನ್ ಬತ್ತೇರಿಯಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ನಿಂತ ಮುದುಕ, ಎಲ್ಲರಿಗೂ ಚೇಟ, ಎಂದರೆ ಅಣ್ಣ. ನನ್ನನ್ನು 'ಮೋಳೆ' ಎನ್ನುತ್ತಿದ್ದ, ಅಂದರೆ ಅವರ ಭಾಷೆಯಲ್ಲಿ ಮಗಳೇ ಎಂದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಗಿ ನಿಂತು, "ಚೇಟಾ, ನನಗೆ ಮೊದಲು ಡಿಫರೆನ್ಷಿಯಲ್ ಕವರ್ ಅಂದ್ರೆ ಏನು ಅಂತ ತೋರಿಸು. ಬಾಕಿದೆಲ್ಲ ಆಮೇಲೆ" ಎಂದೆ. ಅವನು ನಗಲಿಲ್ಲ. ಮೂಲೆಯಲ್ಲಿದ್ದ ಹಳೆಯ ಜೀಪಿನ ಹಿಂದಿನ ಆಕ್ಸಲ್ ಎಳೆದುಕೊಂಡು ಬಂದು, ಹತ್ತು ಬೋಲ್ಟು ಬಿಚ್ಚಿ, ತಟ್ಟೆಯಂಥ ತಗಡನ್ನು ಕಳಚಿದ. ಒಳಗೆ ಹಲ್ಲು ಹಲ್ಲಿನ ದೊಡ್ಡ ಚಕ್ರ, ಮೈಯೆಲ್ಲ ಹಳೆಯ ಆಯಿಲ್. "ಇದು ಕ್ರೌನ್. ಇಂಜಿನ್ನಿನ ಶಕ್ತಿ ಎಲ್ಲಾ ಇದರ ಮೂಲಕಾನೇ ಎರಡು ಚಕ್ರಕ್ಕೆ ಹೋಗೋದು. ಕವರ್ ಅಂದ್ರೆ ಇದರ ಮುಚ್ಚಳ, ಅಷ್ಟೇ ಮೋಳೆ" ಎಂದ. ಅಷ್ಟೇ! ಈ ತಟ್ಟೆಗಾಗಿ ನಾನು ಊರ ಬಾಯಿಗೆ ಬಿದ್ದಿದ್ದೆ.

ಆ ಆಷಾಢವೆಲ್ಲ ವಯನಾಡಿನ ಕಡೆಯಿಂದ ಗಾಳಿ, ಬಿಟ್ಟೂ ಬಿಡದ ಸೋನೆ. ಗಿರಾಕಿ ಕಡಿಮೆ, ನನಗೆ ಪಾಠ ಜಾಸ್ತಿ. ಜೀಪಿನ ಜೊತೆ ಬರುವ ಕವರು ತೆಳು ತಗಡು, ಟಾರು ರಸ್ತೆಗೆ ಸಾಕು. ಕಲ್ಲುದಾರಿಯಲ್ಲಿ ಹತ್ತಿ ಇಳಿಯುವ ಗಾಡಿಯ ತಗಡು ಕಲ್ಲಿಗೆ ಬಡಿದು ತಗ್ಗಾಗುತ್ತದೆ, ಅಂಚು ಏಳುತ್ತದೆ, ಆಯಿಲ್ ಸೋರುತ್ತದೆ. ಅಂಥ ಗಾಡಿಗೆ ಎರಕದ ದಪ್ಪ ಕವರೇ ಬೇಕು. ಆದರೆ ದಪ್ಪ ನೋಡಿ ಮರುಳಾಗಬಾರದು ಎನ್ನುತ್ತಿದ್ದ ಚೇಟ. ಬೋಲ್ಟಿನ ತಲೆಗಳು ಅಂಚಿನೊಳಗೆ ಹುದುಗಿರಬೇಕು, ಇಲ್ಲವಾದರೆ ಕಲ್ಲು ಅವನ್ನೇ ಕತ್ತರಿಸಿ ಹಾಕುತ್ತದೆ. ಆಯಿಲ್ ತುಂಬುವ ತೂತು ಮೊದಲಿದ್ದ ಎತ್ತರದಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯ, ಒಳಗೆ ಕ್ರೌನ್ ತಿರುಗಲು ಜಾಗ ಬೇಕು. ಹೊರಗಿನಿಂದ ದಪ್ಪ ಕಂಡದ್ದು ಒಳಗೆ ಇಕ್ಕಟ್ಟಾಗಿರಬಹುದು.

ಆ ಜಾಗ ಅಳೆಯಲು ಚೇಟ ಜೇಡಿಮಣ್ಣು ಬಳಸುತ್ತಿದ್ದ. ಕವರಿನ ಒಳಮೈಗೆ ಮಣ್ಣು ಮೆತ್ತಿ, ಬೋಲ್ಟ್ ಹಾಕಿ, ಚಕ್ರ ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ ನೋಡುವುದು. ಕ್ರೌನ್ ಸವರಿ ಉಳಿದ ಮಣ್ಣಿನ ದಪ್ಪವೇ ಒಳಗಿನ ಜಾಗ. ಆ ಮಳೆಯಲ್ಲಿ ಮಣ್ಣೆಲ್ಲ ರಾಡಿ. ನಾನು ಮನೆಗೆ ಹೋಗಿ ಬೆಳಗಿನ ರಾಗಿ ಮುದ್ದೆ ತಂದು ಕೊಟ್ಟೆ. ಚೇಟನಿಗೆ ನಗು ತಡೆಯಲಾಗಲಿಲ್ಲ. ಆದರೆ ಮುದ್ದೆ ಮಣ್ಣಿಗಿಂತ ಚೆನ್ನಾಗಿ ಅಂಟಿತು, ಹಲ್ಲಿನ ಗುರುತು ಒಂದೊಂದೂ ಕಾಣುವಂತೆ ಮೂಡಿತು. ಅಂದಿನಿಂದ ನನ್ನ ಅಳತೆಕೋಲು ಮುದ್ದೆಯೇ.

ಶ್ರಾವಣಕ್ಕೆ ಮುಂಚೆ ಮೈಸೂರಿನ ವ್ಯಾಪಾರಿಯಿಂದ ಎರಡು ಕವರ್ ಮಾದರಿಗೆ ಬಂದವು. ಒಂದು ಕರಿಯದು, ಬೀಡುಕಬ್ಬಿಣದ್ದು, ಒರಟು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಇನ್ನೊಂದು ಅಲ್ಯೂಮಿನಿಯಮ್ಮಿನದು, ಮದುಮಗನ ಜರತಾರಿ ಪೇಟದ ಹಾಗೆ ಥಳಥಳ. ಕೆಂಪು ಬಣ್ಣ, ಮೇಲೆ ಸಾಲು ಸಾಲಾಗಿ ಉಬ್ಬಿದ ಏಣು, ಹೊಳೆಯುವ ಬೋಲ್ಟು. ಎರಡಕ್ಕೂ ಮುದ್ದೆ ಮೆತ್ತಿ ನೋಡಿದೆವು. ಕರಿಯದರಲ್ಲಿ ಅರ್ಧ ಬೆರಳು ಮುದ್ದೆ ಉಳಿಯಿತು. ಕೆಂಪು ಕವರಿನ ಒಳಗೂ ಒಂದು ಏಣಿತ್ತು, ಅದರ ಮೇಲೆ ಹಪ್ಪಳದಷ್ಟು ತೆಳ್ಳಗೆ ಉಳಿಯಿತು, ಒಂದು ಕಡೆ ಲೋಹವೇ ಕಂಡಿತು. "ಭಾರ ಬಿದ್ದು ಆಕ್ಸಲ್ ಒಂಚೂರು ಬಾಗಿದರೆ ಕ್ರೌನ್ ಈ ಏಣನ್ನ ಮುರಿದು ತಿನ್ನುತ್ತೆ. ಇದನ್ನ ಮಾರಬೇಡ ಮೋಳೆ" ಎಂದ ಚೇಟ. ನಾನು ಅದನ್ನು ಡಬ್ಬಕ್ಕೆ ಹಾಕಿ, 'ವಾಪಸ್' ಎಂದು ಬರೆದು ಮೇಜಿನ ಕೆಳಗಿಟ್ಟೆ.

ಈ ನಡುವೆ ಗುರುಮಲ್ಲು ನಮ್ಮ ಅಂಗಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ತಮಾಷೆಗೆ ಬರುತ್ತಿದ್ದ. ಅವನದೊಂದು ನೇಮವಾಗಿತ್ತು. ನಾನು ಯಾವುದನ್ನು ಹೇಳುತ್ತೇನೋ ಅದಕ್ಕೆ ವಿರುದ್ಧವಾದದ್ದನ್ನೇ ಕೊಳ್ಳುವುದು. ತೊಂಬತ್ತರ ಆಯಿಲ್ ಎಂದರೆ ನೂರನಲವತ್ತರದು ಕೊಂಡ. ಈ ಬೆಲ್ಟು ಎಂದರೆ ಆ ಬೆಲ್ಟು ಕೊಂಡ. "ಕವರ್ ಕಮಲ ಏಳಿದ್ದಕ್ಕೆ ಉಲ್ಟಾ ತಗಂಡ್ರೆ ಸರಿಯಾಗಿರ್ತದೆ" ಎಂದು ಟೀ ಅಂಗಡಿಯವರ ಕಡೆ ಕಣ್ಣು ಹೊಡೆಯುತ್ತಿದ್ದ. ಇದನ್ನು ನಾನು ಮೂರು ಸಲ ನೋಡಿದೆ. ಮೂರನೆಯ ಸಲ ನನಗೆ ಸಿಟ್ಟು ಬರಲಿಲ್ಲ.

ಓಣಂಗೆ ಹೂವು ಹೋಗುವ ಕಾಲ. ಹೊಲಗಳಲ್ಲಿ ಚೆಂಡುಹೂವು ಕೀಳುತ್ತಿದ್ದರು. ಕೇರಳದ ಕಾರುಗಳು ರಸ್ತೆ ಬದಿಯಲ್ಲಿ ನಿಂತು ಸೂರ್ಯಕಾಂತಿಯ ಮಧ್ಯೆ ಫೋಟೊ ತೆಗೆಸಿಕೊಳ್ಳುತ್ತಿದ್ದವು. ಹನ್ನೊಂದು ಗಂಟೆಗೆ ಗುರುಮಲ್ಲುವಿನ ಜೀಪು ರಸ್ತೆಯುದ್ದಕ್ಕೂ ಆಯಿಲ್ ಗೆರೆ ಎಳೆದುಕೊಂಡು ಬಂತು. ಕಾದ ಆಯಿಲ್ಲಿನ ಆ ಕೊಳೆತ ಮೊಟ್ಟೆಯ ವಾಸನೆ ಚೆಂಡುಹೂವಿನ ಘಾಟಿನ ಜೊತೆ ನನ್ನ ಮೇಜಿನವರೆಗೂ ಬಂತು. ಗುಡ್ಡದ ಕಲ್ಲಿಗೆ ಅವನ ತಗಡಿನ ಕವರ್ ಕೊನೆಗೂ ಹರಿದಿತ್ತು. ಅವನು ಟೀ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ನಮ್ಮ ಕಡೆ ತಿರುಗುವಷ್ಟರಲ್ಲಿ ನಾನು ಮೇಜಿನ ಕೆಳಗಿನ 'ವಾಪಸ್' ಡಬ್ಬ ಬಿಚ್ಚಿದ್ದೆ. ಕೆಂಪು ಕವರನ್ನು ಬಟ್ಟೆಯಿಂದ ಒರೆಸಿ ಕರಿಯದರ ಪಕ್ಕಕ್ಕಿಟ್ಟೆ. ಖಾಲಿ ಡಬ್ಬವನ್ನು ಕಾಲಿನಿಂದ ಒಳಗೆ ತಳ್ಳಿದೆ.

"ಏನಮ್ಮಿ, ಇವತ್ತು ಎಷ್ಟು ಕೇಜಿದು ಕೊಡ್ತೀಯ?" ಎಂದ. ಟೀ ಲೋಟ ಹಿಡಿದುಕೊಂಡೇ ನಾಲ್ಕೈದು ಜನ ಹಿಂದೆ ಬಂದರು.

"ಗುರುಮಲ್ಲಣ್ಣ, ಈ ಕರಿದು ತಗೊಳ್ಳಿ" ಎಂದೆ, ಒಳಗಿನ ಕುರ್ಚಿಗೂ ಕೇಳುವ ಹಾಗೆ. "ಬೀಡಿನದು, ಕಲ್ಲಿಗೆ ಬಡಿದ್ರೂ ಏನೂ ಆಗಲ್ಲ. ಬೋಲ್ಟು ಅಂಚಿನೊಳಗಿದೆ. ಕೆಂಪುದು ಬ್ಯಾಡ. ಒಳಗೆ ಜಾಗ ಸಾಲಲ್ಲ, ಕ್ರೌನಿಗೆ ತಾಗ್ತದೆ."

"ಒಳಗೆ ಜಾಗ ಸಾಲ್ದು ಅಂತ ನಿಂಗೆಂಗೆ ಗೊತ್ತು?"

"ಮುದ್ದೆ ಇಟ್ಟು ನೋಡಿದೀನಿ."

ಹೇಳಿದ್ದು ನಿಜ. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿದ್ದೂ ಹೇಳಿದೆ. ಅವನು ಹಿಂದಿದ್ದವರ ಕಡೆ ತಿರುಗಿ, "ಕೇಳುದ್ರಲಾ? ಮುದ್ದೆ ಇಟ್ಟು ನೋಡವ್ಳಂತೆ! ಸಾರು ಬುಟ್ಟು ನೋಡ್ಲಿಲ್ವಾ ಅಮ್ಮಿ?" ಎಂದ. ಮತ್ತೆ ಅದೇ ನಗು. ಕರಿಯ ಕವರನ್ನು ಬೆರಳಿನಿಂದ ತಳ್ಳಿ ಕೆಂಪನ್ನು ಎತ್ತಿಕೊಂಡ. "ನೋಡಾಕೇ ಒಂದು ಕಳೆ ಐತೆ. ಇದ್ನೇ ಕೊಡು."

"ಬ್ಯಾಡ ಅಂತ ಹೇಳಿದೀನಿ ಅಣ್ಣ. ಆಮೇಲೆ ನನ್ನ ಅನ್ಬೇಡಿ" ಎಂದೆ. ಒಳಗಿನಿಂದ ಮಾವನವರು, "ಗುರುಮಲ್ಲು, ಅವ್ಳು ಏಳಿದ್ದು ಕೇಳಪ್ಪ" ಎಂದರು. ಅವನು ಕೇಳಲಿಲ್ಲ. ತನ್ನ ಜೀಪನ್ನು ಚೇಟನ ಗ್ಯಾರೇಜಿಗೂ ಬಿಡಲಿಲ್ಲ, ತಾನೇ ಜ್ಯಾಕ್ ಕೊಟ್ಟು ಹಾಕಿಕೊಂಡ. ನಾನು ಆ ದಿನ ಎರಡು ಮುದ್ದೆ ಉಂಡೆ.

ಮರುದಿನ ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಜೀಪು ಅಂಗಡಿಯ ಮುಂದೆ ಹೋಯಿತು. ಕಿವಿಗೊಟ್ಟು ಕೇಳಿದೆ, ಏನೂ ಇಲ್ಲ. ಅದರ ಮಾರನೆಯ ದಿನ ಹಿಂದಿನಿಂದ ಗರ್‍ ಗರ್‍ ಎಂದು ಸಣ್ಣ ಸದ್ದು. ಬೇರೆಯವರಿಗೆ ಟೈರಿನ ಸದ್ದು ಅನ್ನಿಸಬಹುದು. ನನಗೆ ಅದು ಏನೆಂದು ಗೊತ್ತಿತ್ತು, ಹಬ್ಬದ ಊಟದಷ್ಟು ಹಿತವಾಗಿತ್ತು. ಮೂರನೆಯ ದಿನ ಸದ್ದು ದೊಡ್ಡದಾಗಿತ್ತು. ಸಿದ್ದಮ್ಮ ನಮ್ಮ ಮೆಟ್ಟಿಲಿನಿಂದೆದ್ದು, ಸೆರಗು ಸೊಂಟಕ್ಕೆ ಸಿಗಿಸಿ, "ಬತ್ತೀನಿ ಕಣವ್ವ" ಎಂದು ಹಿಂದಿನ ಹಲಗೆ ಹತ್ತಿ ಕೂತಳು. ನಾನು ಮೇಜು ಬಿಟ್ಟು ಬಂದು ಒಂದು ಮಾತು ಕೂಗಬಹುದಿತ್ತು. ಇಳೀ ಸಿದ್ದವ್ವ ಎಂದರೆ ಸಾಕಿತ್ತು. ಇವತ್ತು ಊರ ನಡುವೆಯೇ ಕೆಟ್ಟು ನಿಲ್ಲಲಿ, ಎಲ್ಲರೂ ನೋಡಲಿ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಗುಡ್ಡ ನನ್ನ ತಲೆಯಲ್ಲಿರಲಿಲ್ಲ. ಇರಲಿಲ್ಲ ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ.

ಸಂಜೆ ನಾಲ್ಕಕ್ಕೆ ಸುದ್ದಿ ಬಂತು. ಕೆಲಸ ಮುಗಿಸಿ ಗುಡ್ಡ ಇಳಿಯುವಾಗ ಏಣಿನ ತುಂಡು ಮುರಿದು ಕ್ರೌನಿನ ಹಲ್ಲಿಗೆ ಸಿಕ್ಕಿತ್ತು. ಹಿಂದಿನ ಚಕ್ರ ಕಚ್ಚಿಕೊಂಡು, ಒದ್ದೆ ಕಲ್ಲಿನ ಮೇಲೆ ಜೀಪು ಅಡ್ಡ ಜಾರಿ ಹಳ್ಳಕ್ಕೆ ಮಗುಚಿತ್ತು. ಒಂಬತ್ತು ಜನ ಹೆಂಗಸರು. ಎಂಟು ಜನಕ್ಕೆ ತರಚು ಗಾಯ. ಸಿದ್ದಮ್ಮನಿಗೆ ಬಲಗೈ ಮೊಳಕೈಯಲ್ಲಿ ಮುರಿದಿತ್ತು. ಗುರುಮಲ್ಲುವಿಗೆ ಒಂದು ಗೀರೂ ಆಗಿರಲಿಲ್ಲ.

ಮಾರನೆಯ ದಿನ ಅವನು ಒಡೆದ ಕೆಂಪು ಕವರ್ ಹಿಡಿದುಕೊಂಡು ಬಂದು ಮೇಜಿಗೆ ಕುಕ್ಕಿದ. "ಏನು ಮಾಲು ಮಾರ್ತೀರಲಾ ನೀವು! ಜನ ಸಾಯ್ತಿದ್ರಲ್ಲ!" ಎಂದು ಕೂಗಿದ. ಟೀ ಅಂಗಡಿ ಖಾಲಿಯಾಯಿತು, ಎಲ್ಲರೂ ನಮ್ಮ ಮುಂದೆ. ನಾನು ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ. ಮಾವನವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ನನ್ ಸೊಸೆ ಬ್ಯಾಡ ಅಂದ್ಲು. ಎರಡು ಸಲ ಅಂದ್ಲು. ನಂಗೆ ಕಣ್ಣಿಲ್ಲ, ಕಿವಿ ಐತೆ. ಇವ್ರೆಲ್ಲ ಇಲ್ವಾ? ಕೇಳು" ಎಂದರು. ಅಂದು ನಕ್ಕವರಲ್ಲಿ ಒಬ್ಬ, "ಔದು ಕಣ್ಲಾ ಗುರುಮಲ್ಲು, ಕ್ರೌನಿಗೆ ತಾಗ್ತದೆ ಅಂತ ಬಾಯ್ಬುಟ್ಟು ಏಳಿದ್ಲು. ನೀನೇ ತಮಾಸೆ ಮಾಡ್ಬುಟ್ಟೆ" ಎಂದ. ಇನ್ನೊಬ್ಬ, "ಎಣ್ಣುಮಕ್ಳು ಜೀವದ ಮ್ಯಾಲೆ ನಿನ್ ತಮಾಸೆ" ಎಂದ. ಗುರುಮಲ್ಲು ಒಬ್ಬೊಬ್ಬರ ಮುಖ ನೋಡಿದ. ತಲೆ ಕೆಳಗೆ ಹಾಕಿಕೊಂಡು, ಆ ಒಡಕಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ನಾನು ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶುಂಠಿಯವರು ಅವನನ್ನು ಬಿಟ್ಟು ಬೇರೆ ಜೀಪು ಗೊತ್ತುಮಾಡಿಕೊಂಡರು. ನಮ್ಮ ಅಂಗಡಿಯಲ್ಲಿ ಗಿರಾಕಿಗಳು ಮಾವನವರನ್ನು ಕೇಳುವುದು ನಿಲ್ಲಿಸಿದರು. ಮಾವನವರು ದೀಪಾವಳಿಗೂ ಕಾಯಲಿಲ್ಲ, ಗೌರಿ ಹಬ್ಬದ ದಿನವೇ ಅಂಗಡಿಯ ಬೀಗದ ಕೈ ನನ್ನ ಕೈಗಿಟ್ಟರು.

ಗುರುಮಲ್ಲು ಮೇಜಿನ ಮೇಲೆ ಬಿಟ್ಟುಹೋದ ಒಡಕಲನ್ನು ಚೇಟ ಅಂದೇ ತನ್ನ ಗ್ಯಾರೇಜಿಗೆ ಒಯ್ದಿದ್ದ. ನಾಲ್ಕನೆಯ ದಿನ ಗ್ಯಾರೇಜಿಗೆ ಹೋದಾಗ ಅವನು ಆ ಒಡಕಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ತಲೆ ಎತ್ತದೆಯೇ ಕೇಳಿದ, "ಮೋಳೆ, ವಾಪಸ್ ಡಬ್ಬದಲ್ಲಿದ್ದದ್ದು ಮೇಜಿನ ಮೇಲೆ ಹೇಗೆ ಬಂತು?"

ನಾನು ಅಂಗಡಿಯ ಕಡೆ ತಿರುಗಿ ನಡೆದೆ. ಅವನು ಅದನ್ನು ಮತ್ತೆಂದೂ ಕೇಳಲಿಲ್ಲ. ಆದರೆ ಆಮೇಲೆ ಅವನು ನನ್ನನ್ನು ಮೋಳೆ ಎಂದು ಕರೆದದ್ದು ನೆನಪಿಲ್ಲ. ಮಾತಿಗೆ ಮೊದಲು 'ಅಮ್ಮ' ಎನ್ನುತ್ತಿದ್ದ, ಬೇರೆ ಗಿರಾಕಿಗಳಿಗೆ ಅನ್ನುವ ಹಾಗೆ.

ಹಬ್ಬ ಕಳೆದ ಮೇಲೆ ಸಿದ್ದಮ್ಮನನ್ನು ನೋಡಲು ಹೋದೆ. ಹಣ್ಣು, ಎಲೆಯಡಿಕೆ ತೆಗೆದುಕೊಂಡು ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದಳು, ಕೈಗೆ ಭುಜದವರೆಗೂ ಪ್ಲಾಸ್ಟರಿನ ಕಟ್ಟು. ಮೊಳಕೈ ಇನ್ನು ಪೂರ್ತಿ ಚಾಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಳೆ ಕೀಳುವ ಕೈ. ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚಲು ಹೋಗಿ ಅದು ಜಾರಿ ಜಾರಿ ಬೀಳುತ್ತಿತ್ತು. ನಾನು ತೆಗೆದುಕೊಂಡು ಹಚ್ಚಿ ಮಡಿಸಿ ಕೊಟ್ಟೆ. ಏನಾದರೂ ಹೇಳಬೇಕೆಂದೇ ಮನೆಯಿಂದ ಹೊರಟಿದ್ದೆ. ವಾಪಸ್ ಡಬ್ಬದ ಮಾತಿನಿಂದಲೇ ಶುರುಮಾಡಬೇಕು ಎಂದುಕೊಂಡಿದ್ದೆ.

ಅವಳು ನನ್ನ ಕೈ ಹಿಡಿದುಕೊಂಡಳು.

"ಎಲ್ಲ ಕೇಳ್ದೆ ಕಣವ್ವ. ಬ್ಯಾಡ ಬ್ಯಾಡ ಅಂತ ಎಷ್ಟು ಬಡ್ಕಂಡ್ಯಂತೆ. ಆ ಮುಂಡೇಮಗ ಕೇಳ್ಲಿಲ್ಲ, ಅದ್ಕೆ ನೀನೇನು ಮಾಡೀಯೆ? ಇಡೀ ಪ್ಯಾಟೇಲಿ ನಿಜ ಆಡೋಳು ನೀನೊಬ್ಳೇ. ನಿನ್ ಬಾಯಲ್ಲಿ ಸುಳ್ಳು ಬರದಿಲ್ಲ ಕಣವ್ವ."

ಅವಳು ಹೇಳಿದ್ದು ಸರಿ. ಆ ದಿನ ಆ ಮೇಜಿನ ಮುಂದೆ ನಾನು ಒಂದೇ ಒಂದು ಸುಳ್ಳೂ ಹೇಳಿರಲಿಲ್ಲ.